ಆದೇಶ ಸಾಲಿನಿಂದ ಗಣಕಯಂತ್ರದ ತಾಪಮಾನ ವೀಕ್ಷಣೆ

ಆದೇಶ ಸಾಲಿನಿಂದ ಗಣಕಯಂತ್ರದ ತಾಪಮಾನ ವೀಕ್ಷಣೆ ಎಂಬುದು ಪ್ರೊಸೆಸರ್, ಮದರ್‌ಬೋರ್ಡ್, ಹಾರ್ಡ್ ಡಿಸ್ಕ್, ಗ್ರಾಫಿಕ್ಸ್ ಕಾರ್ಡ್ ಮೊದಲಾದ ಯಂತ್ರಾಂಶ ಭಾಗಗಳ ಉಷ್ಣತೆಯನ್ನು ಟರ್ಮಿನಲ್‌ನಲ್ಲಿ ಅಕ್ಷರರೂಪದ ಆದೇಶಗಳನ್ನು ಕೀಲಿಸಿ ತಿಳಿದುಕೊಳ್ಳುವ ವಿಧಾನವಾಗಿದೆ. ಇದಕ್ಕೆ ಚಿತ್ರಾತ್ಮಕ ತಂತ್ರಾಂಶದ ಅಗತ್ಯವಿಲ್ಲ. ಆದ್ದರಿಂದ ಪರದೆಯೇ ಇಲ್ಲದ ಸರ್ವರ್‌ಗಳಲ್ಲಿ, ಹಳೆಯ ಯಂತ್ರಗಳಲ್ಲಿ ಹಾಗೂ ದೂರದಿಂದ ನಿರ್ವಹಿಸಲ್ಪಡುವ ಯಂತ್ರಗಳಲ್ಲಿ ಈ ವಿಧಾನ ವಿಶೇಷವಾಗಿ ಬಳಕೆಯಲ್ಲಿದೆ. ಬೇಸಿಗೆಯ ಉಷ್ಣತೆ ಹಾಗೂ ಧೂಳು ಎರಡೂ ಹೆಚ್ಚಾಗಿರುವ ಕಲಬುರಗಿ ಜಿಲ್ಲೆಯ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್ ಮತ್ತು ಚಿಂಚೋಳಿಯಂತಹ ಊರುಗಳಲ್ಲಿ ಗಣಕಯಂತ್ರಗಳ ಬಾಳಿಕೆಗೆ ಈ ವೀಕ್ಷಣೆ ನೆರವಾಗುತ್ತದೆ.

ಈ ಲೇಖನದಲ್ಲಿ ಆದೇಶಗಳ ಹೆಸರುಗಳನ್ನು ಉಚ್ಚಾರಣೆಗೆ ಅನುಗುಣವಾಗಿ ಕನ್ನಡ ಲಿಪಿಯಲ್ಲಿ ಕೊಡಲಾಗಿದೆ. ಟರ್ಮಿನಲ್‌ನಲ್ಲಿ ಅವುಗಳನ್ನು ರೋಮನ್ ಲಿಪಿಯ ಸಣ್ಣ ಅಕ್ಷರಗಳಲ್ಲಿ ಕೀಲಿಸಬೇಕು. ದೊಡ್ಡ ಅಕ್ಷರ ಬೇಕಾದೆಡೆ ಅದನ್ನು ಪ್ರತ್ಯೇಕವಾಗಿ ಸೂಚಿಸಲಾಗಿದೆ.

## ಹಿನ್ನೆಲೆ

ಪ್ರೊಸೆಸರ್‌ನಲ್ಲಿ ಕೋಟ್ಯಂತರ ಟ್ರಾನ್ಸಿಸ್ಟರ್‌ಗಳಿರುತ್ತವೆ. ಅವು ತೆರೆದು ಮುಚ್ಚುವಾಗ ಬಳಕೆಯಾಗುವ ವಿದ್ಯುಚ್ಛಕ್ತಿಯು ಬಹುಮಟ್ಟಿಗೆ ಸಂಪೂರ್ಣವಾಗಿ ಶಾಖವಾಗಿ ಮಾರ್ಪಡುತ್ತದೆ. ಈ ಶಾಖವು ಉಷ್ಣವಾಹಕ ಲೇಪದ ಮೂಲಕ ಲೋಹದ ಹೀಟ್ ಸಿಂಕ್‌ಗೆ ಸಾಗುತ್ತದೆ. ಅಲ್ಲಿಂದ ಫ್ಯಾನಿನ ಗಾಳಿಯ ಮೂಲಕ ಪೆಟ್ಟಿಗೆಯಿಂದ ಹೊರಬೀಳುತ್ತದೆ. ಈ ಸರಪಳಿಯ ಯಾವುದೇ ಕೊಂಡಿ ಸಡಿಲಗೊಂಡರೂ ಪ್ರೊಸೆಸರ್‌ನ ತಾಪಮಾನ ಏರುತ್ತದೆ.

ಆಧುನಿಕ ಪ್ರೊಸೆಸರ್‌ಗಳು ತಮ್ಮನ್ನು ತಾವು ರಕ್ಷಿಸಿಕೊಳ್ಳುವ ವ್ಯವಸ್ಥೆಯನ್ನು ಹೊಂದಿವೆ. ತಯಾರಕರು ಗೊತ್ತುಪಡಿಸಿದ ಗರಿಷ್ಠ ಮಿತಿಯನ್ನು ಮುಟ್ಟಿದಾಗ ಅವು ಮೊದಲು ವೇಗವನ್ನು ತಗ್ಗಿಸಿಕೊಳ್ಳುತ್ತವೆ. ಇದನ್ನು ಥ್ರಾಟ್ಲಿಂಗ್ ಎನ್ನುತ್ತಾರೆ. ಇಂಟೆಲ್‌ನ ಅನೇಕ ಪ್ರೊಸೆಸರ್‌ಗಳಲ್ಲಿ ಈ ಮಿತಿ 100 ಡಿಗ್ರಿ ಸೆಲ್ಸಿಯಸ್ ಆಗಿರುತ್ತದೆ. ಅನಂತರವೂ ಉಷ್ಣತೆ ಏರಿದರೆ ಯಂತ್ರವು ಮುನ್ಸೂಚನೆಯಿಲ್ಲದೆ ಸ್ಥಗಿತಗೊಳ್ಳುತ್ತದೆ. ಕಾರಣ ತಿಳಿಯದ ಬಳಕೆದಾರರಿಗೆ ಮೊದಲನೆಯದು ‘ಯಂತ್ರ ನಿಧಾನವಾಗಿದೆ’ ಎಂದೂ, ಎರಡನೆಯದು ‘ವೈರಸ್ ಬಂದಿದೆ’ ಅಥವಾ ‘ವಿದ್ಯುತ್ ತೊಂದರೆ’ ಎಂದೂ ತೋರುವುದುಂಟು. ತಾಪಮಾನದ ಅಂಕಿಯನ್ನು ಓದಿದರೆ ಈ ಸಂದೇಹ ಪರಿಹಾರವಾಗುತ್ತದೆ.

## ಕಲಬುರಗಿ ಸೀಮೆಯ ಸಂದರ್ಭ

ಕಲಬುರಗಿ ಜಿಲ್ಲೆಯಲ್ಲಿ ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿ ಹಗಲಿನ ಉಷ್ಣಾಂಶ 40 ಡಿಗ್ರಿ ಸೆಲ್ಸಿಯಸ್ ದಾಟುವುದು ಸಾಮಾನ್ಯ. ಜಿಲ್ಲೆಯ ಪೂರ್ವ ಮತ್ತು ದಕ್ಷಿಣ ಭಾಗಗಳಲ್ಲಿ ಸುಣ್ಣಕಲ್ಲಿನ ನಿಕ್ಷೇಪಗಳು ವಿಸ್ತಾರವಾಗಿವೆ. ಸೇಡಂ, ಮಳಖೇಡ ಮತ್ತು ವಾಡಿಗಳಲ್ಲಿ ದೊಡ್ಡ ಸಿಮೆಂಟ್ ಕಾರ್ಖಾನೆಗಳಿವೆ. ಶಹಾಬಾದ್ ತನ್ನ ಹೆಸರಿನ ಹಾಸುಗಲ್ಲಿಗೆ ದೇಶದಾದ್ಯಂತ ಪ್ರಸಿದ್ಧವಾಗಿದೆ. ವಾಡಿಯು ರೈಲ್ವೆ ಜಂಕ್ಷನ್ ಆಗಿದ್ದು, ಅಲ್ಲಿಂದ ಸಿಕಂದರಾಬಾದಿನ ಕಡೆಗೆ ಹೋಗುವ ಮಾರ್ಗವು ಚಿತ್ತಾಪುರ ಮತ್ತು ಸೇಡಂಗಳ ಮೂಲಕ ಸಾಗುತ್ತದೆ. ಕಲ್ಲು ಗಣಿಗಾರಿಕೆ, ಕಲ್ಲು ಕತ್ತರಿಸುವ ಹಾಗೂ ಹೊಳಪು ನೀಡುವ ಘಟಕಗಳು, ತೊಗರಿಬೇಳೆಯ ಗಿರಣಿಗಳು, ಭಾರದ ಲಾರಿಗಳ ಸಂಚಾರ ಇವೆಲ್ಲವುಗಳಿಂದ ಏಳುವ ನಯವಾದ ಧೂಳು ಕಿಟಕಿ ಬಾಗಿಲುಗಳ ಸಂದಿನಿಂದ ಒಳನುಗ್ಗಿ ಹೀಟ್ ಸಿಂಕ್‌ನ ಎಸಳುಗಳ ನಡುವೆ ಶೇಖರವಾಗುತ್ತದೆ.

ಉಷ್ಣ ಮತ್ತು ಧೂಳು ಹೇಗೆ ಒಂದಕ್ಕೊಂದು ಸೇರಿಕೊಳ್ಳುತ್ತವೆ ಎಂಬುದನ್ನು ಸರಳ ಲೆಕ್ಕದಿಂದ ತಿಳಿಯಬಹುದು. ಒಂದೇ ಪ್ರಮಾಣದ ಕೆಲಸ ಮಾಡುವಾಗ ಪ್ರೊಸೆಸರ್‌ನ ತಾಪಮಾನವು ಕೋಣೆಯ ತಾಪಮಾನಕ್ಕಿಂತ ಸುಮಾರಾಗಿ ಒಂದು ನಿಶ್ಚಿತ ಅಂತರದಷ್ಟು ಮೇಲಿರುತ್ತದೆ. ಉದಾಹರಣೆಗೆ, ಕೋಣೆಯಲ್ಲಿ 25 ಡಿಗ್ರಿ ಇರುವಾಗ ಪ್ರೊಸೆಸರ್ 68 ಡಿಗ್ರಿ ತೋರಿಸಿದರೆ ಅಂತರ 43 ಡಿಗ್ರಿ. ಅದೇ ಯಂತ್ರ, ಅದೇ ಕೆಲಸ, ಆದರೆ ಕೋಣೆಯಲ್ಲಿ 42 ಡಿಗ್ರಿ ಇದ್ದರೆ ಪ್ರೊಸೆಸರ್ 85 ಡಿಗ್ರಿಯ ಸಮೀಪ ತಲುಪುತ್ತದೆ. ಧೂಳು ತುಂಬಿ ಆ ಅಂತರವು 55 ಡಿಗ್ರಿಗೆ ಹೆಚ್ಚಿದರೆ ಮೊತ್ತ 97 ಡಿಗ್ರಿಯಾಗಿ ಮಿತಿಯನ್ನು ಮುಟ್ಟುವಂತಾಗುತ್ತದೆ. ಚಳಿಗಾಲದಲ್ಲಿ ಯಾವ ತೊಂದರೆಯನ್ನೂ ಕೊಡದ ಯಂತ್ರವು ಮೇ ತಿಂಗಳಲ್ಲಿ ಪದೇ ಪದೇ ನಿಲ್ಲುವುದಕ್ಕೆ ಇದೇ ಕಾರಣ.

ಈ ಭಾಗದ ಬಳಕೆದಾರರು ಗಮನಿಸಬೇಕಾದ ಇನ್ನೂ ಮೂರು ಅಂಶಗಳಿವೆ.

- ಹಾಸುಗಲ್ಲು, ಕಾಂಕ್ರೀಟು ಅಥವಾ ತಗಡಿನ ಛಾವಣಿಗಳು ಹಗಲೆಲ್ಲ ಕಾಯುತ್ತವೆ. ಇವುಗಳಲ್ಲಿ ಕಲ್ಲು ಮತ್ತು ಕಾಂಕ್ರೀಟು ಹೀರಿಕೊಂಡ ಶಾಖವನ್ನು ಸಂಜೆಯವರೆಗೂ ಬಿಡುತ್ತಿರುತ್ತವೆ. ಹೀಗಾಗಿ ಹೊರಗಿನ ಬಿಸಿಲು ತಗ್ಗಿದ ಮೇಲೂ ಕೋಣೆಯ ಒಳಗಿನ ತಾಪ ಬೇಗನೆ ತಗ್ಗುವುದಿಲ್ಲ.
- ವಿದ್ಯುತ್ ಹೋದಾಗ ಯುಪಿಎಸ್ ಗಣಕಯಂತ್ರವನ್ನು ನಡೆಸುತ್ತದೆ. ಆದರೆ ಹವಾನಿಯಂತ್ರಕ ಅಥವಾ ಕೂಲರ್ ಸಾಮಾನ್ಯವಾಗಿ ಅದಕ್ಕೆ ಜೋಡಣೆಯಾಗಿರುವುದಿಲ್ಲ. ಯಂತ್ರ ಕೆಲಸ ಮಾಡುತ್ತಲೇ ಇರುವುದರಿಂದ ಮುಚ್ಚಿದ ಕೋಣೆಯು ಕೆಲವೇ ನಿಮಿಷಗಳಲ್ಲಿ ಕಾಯತೊಡಗುತ್ತದೆ.
- ನೀರಿನ ಕೂಲರ್ ಒಣ ಹವೆಯಲ್ಲಿ ಗಾಳಿಯನ್ನು ಚೆನ್ನಾಗಿ ತಂಪು ಮಾಡುತ್ತದೆ. ಆದರೆ ಅದರ ತೇವವು ಸಿಮೆಂಟಿನ ಪುಡಿಗೆ ತಗುಲಿದರೆ ಪುಡಿಯು ಗಟ್ಟಿಯಾಗಿ ಹೀಟ್ ಸಿಂಕ್‌ಗೆ ಅಂಟಿಕೊಳ್ಳುತ್ತದೆ. ಕೂಲರಿನ ಗಾಳಿಯನ್ನು ಯಂತ್ರದ ಕಡೆಗೆ ನೇರವಾಗಿ ತಿರುಗಿಸದಿರುವುದು ಒಳಿತು.

ತಾಲ್ಲೂಕು ಕಚೇರಿಗಳಲ್ಲಿ ‘ಭೂಮಿ’ ಯೋಜನೆಯಡಿ ಪಹಣಿ ವಿತರಣೆ, ನಾಡಕಚೇರಿಗಳಲ್ಲಿ ಜಾತಿ ಮತ್ತು ಆದಾಯ ಪ್ರಮಾಣಪತ್ರ, ಶಾಲೆಗಳ ಗಣಕ ಪ್ರಯೋಗಾಲಯ, ಆನ್‌ಲೈನ್ ಅರ್ಜಿ ತುಂಬುವ ಅಂಗಡಿಗಳು ಇವೆಲ್ಲ ಇಂದು ಗಣಕಯಂತ್ರವನ್ನೇ ಅವಲಂಬಿಸಿವೆ. ಶಾಲೆ ಕಾಲೇಜುಗಳ ಪ್ರವೇಶದ ಅರ್ಜಿಗಳು ಹೆಚ್ಚಾಗಿ ಬರುವುದೂ ಬೇಸಿಗೆಯ ಕೊನೆಯಲ್ಲಿಯೇ. ಆ ವೇಳೆ ಒಂದು ಯಂತ್ರ ಕೆಟ್ಟರೆ ಹಳ್ಳಿಗಳಿಂದ ಬಸ್ಸಿನಲ್ಲಿ ಬಂದವರು ಬರಿಗೈಯಲ್ಲಿ ಹಿಂದಿರುಗಬೇಕಾಗುತ್ತದೆ.

## ಸಂವೇದಕಗಳ ಕಾರ್ಯವಿಧಾನ

ಪ್ರೊಸೆಸರ್‌ನ ಒಳಗೆ ತಾಪಮಾನವನ್ನು ಅಳೆಯಲು ಅರೆವಾಹಕ ಡಯೋಡ್‌ಗಳು ಬಳಕೆಯಾಗುತ್ತವೆ. ಸ್ಥಿರ ವಿದ್ಯುತ್ ಪ್ರವಾಹ ಹರಿಯುತ್ತಿರುವಾಗ ಸಿಲಿಕಾನ್ ಡಯೋಡಿನ ವೋಲ್ಟೇಜು ಪ್ರತಿ ಒಂದು ಡಿಗ್ರಿ ಏರಿಕೆಗೆ ಸುಮಾರು 2 ಮಿಲಿವೋಲ್ಟಿನಷ್ಟು ಇಳಿಯುತ್ತದೆ. ಈ ಇಳಿಕೆಯನ್ನು ಅಳೆದು ಅಂಕಿಯಾಗಿ ಪರಿವರ್ತಿಸಲಾಗುತ್ತದೆ. ಮದರ್‌ಬೋರ್ಡಿನ ಮೇಲೆ ಉಷ್ಣತೆಗೆ ತಕ್ಕಂತೆ ರೋಧ ಬದಲಾಗುವ ಥರ್ಮಿಸ್ಟರ್‌ಗಳೂ ಇರುತ್ತವೆ. ಹಾರ್ಡ್ ಡಿಸ್ಕ್‌ಗಳು ತಮ್ಮದೇ ಸಂವೇದಕವನ್ನು ಹೊಂದಿದ್ದು, ‘ಸ್ಮಾರ್ಟ್’ ಎಂಬ ಸ್ವಯಂ ತಪಾಸಣಾ ವ್ಯವಸ್ಥೆಯ ಮೂಲಕ ಅಂಕಿಗಳನ್ನು ಒದಗಿಸುತ್ತವೆ.

ಇಂಟೆಲ್ ಪ್ರೊಸೆಸರ್‌ಗಳಲ್ಲಿರುವ ಡಿಜಿಟಲ್ ಸಂವೇದಕವು ನೇರವಾಗಿ ತಾಪಮಾನವನ್ನು ಹೇಳುವುದಿಲ್ಲ. ಗರಿಷ್ಠ ಮಿತಿಗೆ ಇನ್ನೂ ಎಷ್ಟು ಡಿಗ್ರಿ ಬಾಕಿಯಿದೆ ಎಂಬುದನ್ನು ಹೇಳುತ್ತದೆ. ಮಿತಿ 100 ಆಗಿದ್ದು, ಸಂವೇದಕ 35 ಎಂದರೆ ತಾಪಮಾನ 65 ಡಿಗ್ರಿ ಎಂದು ತಂತ್ರಾಂಶವು ಲೆಕ್ಕ ಹಾಕುತ್ತದೆ. ಆದ್ದರಿಂದ ಮಿತಿಯ ಸಮೀಪದಲ್ಲಿ ಈ ಅಂಕಿ ಹೆಚ್ಚು ನಿಖರವಾಗಿಯೂ, ತಣ್ಣಗಿರುವಾಗ ಕಡಿಮೆ ನಿಖರವಾಗಿಯೂ ಇರುತ್ತದೆ.

ಈ ಭಾಗದ ವಿದ್ಯಾರ್ಥಿಗಳಿಗೆ ಪರಿಚಿತವಾದ ಹೋಲಿಕೆಯೊಂದಿದೆ. ಸಿಮೆಂಟ್ ಕಾರ್ಖಾನೆಯ ಗೂಡಿನಲ್ಲಿ ಕ್ಲಿಂಕರ್ ಸುಮಾರು 1450 ಡಿಗ್ರಿ ಸೆಲ್ಸಿಯಸ್‌ನಲ್ಲಿ ತಯಾರಾಗುತ್ತದೆ. ಅದರ ಬಳಿಗೆ ಯಾರೂ ಹೋಗಿ ಅಳೆಯುವುದಿಲ್ಲ. ಸಂವೇದಕಗಳು ಕಳುಹಿಸುವ ಅಂಕಿಗಳನ್ನು ನಿಯಂತ್ರಣ ಕೊಠಡಿಯಲ್ಲಿ ಕುಳಿತು ಗಮನಿಸುತ್ತಾರೆ. ಗಣಕಯಂತ್ರದ ತಾಪಮಾನ ವೀಕ್ಷಣೆಯ ತತ್ತ್ವವೂ ಇದೇ.

## ಇತಿಹಾಸ

1990ರ ದಶಕದಲ್ಲಿ ನ್ಯಾಷನಲ್ ಸೆಮಿಕಂಡಕ್ಟರ್ ಕಂಪನಿಯ ‘ಎಲ್‌ಎಂ75’ ಮತ್ತು ‘ಎಲ್‌ಎಂ78’ ಎಂಬ ಚಿಪ್‌ಗಳು ಮದರ್‌ಬೋರ್ಡುಗಳಲ್ಲಿ ತಾಪಮಾನ, ವೋಲ್ಟೇಜು ಹಾಗೂ ಫ್ಯಾನ್ ವೇಗಗಳ ಅಳತೆಗೆ ಬಳಕೆಗೆ ಬಂದವು. ಅವುಗಳನ್ನು ಲಿನಕ್ಸ್‌ನಲ್ಲಿ ಓದಲು ಆ ದಶಕದ ಕೊನೆಯಲ್ಲಿ ರೂಪುಗೊಂಡ ಮುಕ್ತ ತಂತ್ರಾಂಶಕ್ಕೆ ‘ಎಲ್‌ಎಂ-ಸೆನ್ಸರ್ಸ್’ ಎಂಬ ಹೆಸರು ಬಂದುದು ಈ ಚಿಪ್‌ಗಳಿಂದಲೇ. 1996ರಲ್ಲಿ ಪ್ರಕಟವಾದ ‘ಎಸಿಪಿಐ’ ಮಾನದಂಡವು ವಿದ್ಯುತ್ ಹಾಗೂ ಉಷ್ಣ ನಿರ್ವಹಣೆಯನ್ನು ಕಾರ್ಯಾಚರಣೆ ವ್ಯವಸ್ಥೆಯ ಕೈಗೆ ನೀಡಿತು. 1998ರಲ್ಲಿ ಇಂಟೆಲ್, ಡೆಲ್, ಹ್ಯೂಲೆಟ್-ಪ್ಯಾಕರ್ಡ್ ಮತ್ತು ಎನ್‌ಇಸಿ ಕಂಪನಿಗಳು ಸರ್ವರ್‌ಗಳಿಗಾಗಿ ‘ಐಪಿಎಂಐ’ ಮಾನದಂಡವನ್ನು ಪ್ರಕಟಿಸಿದವು. 2020ರಲ್ಲಿ ಬಿಡುಗಡೆಯಾದ ಲಿನಕ್ಸ್ ಕರ್ನಲ್‌ನ 5.6ನೆಯ ಆವೃತ್ತಿಯಲ್ಲಿ ‘ಡ್ರೈವ್‌ಟೆಂಪ್’ ಎಂಬ ಘಟಕ ಸೇರ್ಪಡೆಯಾಗಿ, ಡಿಸ್ಕ್‌ಗಳ ತಾಪಮಾನವನ್ನೂ ಇತರ ಸಂವೇದಕಗಳ ಜೊತೆಯಲ್ಲಿಯೇ ಓದಲು ಸಾಧ್ಯವಾಯಿತು.

## ಲಿನಕ್ಸ್‌ನಲ್ಲಿ ವೀಕ್ಷಣೆ

ಕರ್ನಾಟಕದ ಸರ್ಕಾರಿ ಪ್ರೌಢಶಾಲಾ ಶಿಕ್ಷಕರ ತಂತ್ರಜ್ಞಾನ ತರಬೇತಿಗಳಲ್ಲಿ ಉಬುಂಟು ಬಳಕೆಯಾಗಿರುವುದರಿಂದ, ಈ ವಿಭಾಗದ ಆದೇಶಗಳು ಶಾಲೆಗಳಿಗೂ ಉಪಯುಕ್ತವಾಗಿವೆ.

### ಸೆನ್ಸರ್ಸ್

ಉಬುಂಟು ಮತ್ತು ಡೆಬಿಯನ್‌ಗಳಲ್ಲಿ ‘ಎಲ್‌ಎಂ-ಸೆನ್ಸರ್ಸ್’ ಪೊಟ್ಟಣವನ್ನು ಅನುಸ್ಥಾಪಿಸಿದ ಬಳಿಕ ‘ಸೆನ್ಸರ್ಸ್-ಡಿಟೆಕ್ಟ್’ ಎಂಬ ಆದೇಶವನ್ನು ಒಮ್ಮೆ ನಡೆಸಬೇಕು. ಅದು ಯಂತ್ರದಲ್ಲಿರುವ ಸಂವೇದಕ ಚಿಪ್‌ಗಳನ್ನು ಹುಡುಕಿ, ಅಗತ್ಯವಾದ ಕರ್ನಲ್ ಘಟಕಗಳನ್ನು ಸೂಚಿಸುತ್ತದೆ. ಅದು ಕೇಳುವ ಪ್ರಶ್ನೆಗಳಿಗೆ ಪೂರ್ವನಿಯೋಜಿತ ಉತ್ತರವನ್ನೇ ಒಪ್ಪಿಕೊಳ್ಳುವುದು ಸುರಕ್ಷಿತ. ಇದಕ್ಕೆ ನಿರ್ವಾಹಕನ ಅನುಮತಿ ಬೇಕು. ಅನಂತರ ‘ಸೆನ್ಸರ್ಸ್’ ಎಂದು ಕೀಲಿಸಿದರೆ ಪ್ರತಿಯೊಂದು ಸಂವೇದಕದ ಹೆಸರು, ಈಗಿನ ತಾಪಮಾನ, ಹಾಗೂ ಕೆಲವೆಡೆ ಆವರಣದೊಳಗೆ ‘ಹೈ’ ಮತ್ತು ‘ಕ್ರಿಟ್’ ಎಂಬ ಮಿತಿಗಳು ಕಾಣುತ್ತವೆ. ಇಂಟೆಲ್ ಪ್ರೊಸೆಸರ್‌ಗಳ ಅಂಕಿಗಳು ‘ಕೋರ್‌ಟೆಂಪ್’ ಎಂಬ ಶೀರ್ಷಿಕೆಯಡಿ, ಎಎಂಡಿ ಪ್ರೊಸೆಸರ್‌ಗಳ ಅಂಕಿಗಳು ‘ಕೆ10ಟೆಂಪ್’ ಎಂಬ ಶೀರ್ಷಿಕೆಯಡಿ ಬರುತ್ತವೆ.

### ಕರ್ನಲ್‌ನ ಕಡತಗಳು

ಯಾವ ಪೊಟ್ಟಣವನ್ನೂ ಅನುಸ್ಥಾಪಿಸದೆಯೂ ತಾಪಮಾನವನ್ನು ತಿಳಿಯಬಹುದು. ಲಿನಕ್ಸ್ ಕರ್ನಲ್ ‘ಸಿಸ್’ ಕೋಶದ ‘ಕ್ಲಾಸ್’ ಉಪಕೋಶದಲ್ಲಿ ‘ಥರ್ಮಲ್’ ಮತ್ತು ‘ಎಚ್‌ಡಬ್ಲ್ಯುಮಾನ್’ ಎಂಬ ಎರಡು ಕೋಶಗಳನ್ನು ಒದಗಿಸುತ್ತದೆ. ಮೊದಲನೆಯದರಲ್ಲಿ ‘ಥರ್ಮಲ್_ಝೋನ್0’ ಮುಂತಾದ ಕೋಶಗಳಿದ್ದು, ಪ್ರತಿಯೊಂದರಲ್ಲಿಯೂ ‘ಟೆಂಪ್’ ಎಂಬ ಕಡತವಿರುತ್ತದೆ. ಅದನ್ನು ‘ಕ್ಯಾಟ್’ ಆದೇಶದಿಂದ ಓದಿದಾಗ ಬರುವ ಅಂಕಿಯು ಡಿಗ್ರಿಯ ಸಾವಿರದ ಒಂದು ಭಾಗದ ಲೆಕ್ಕದಲ್ಲಿರುತ್ತದೆ. 67000 ಎಂದು ಬಂದರೆ 67 ಡಿಗ್ರಿ ಸೆಲ್ಸಿಯಸ್ ಎಂದರ್ಥ. ಅದೇ ಕೋಶದಲ್ಲಿರುವ ‘ಟೈಪ್’ ಕಡತವು ಆ ಅಂಕಿ ಯಾವ ಭಾಗಕ್ಕೆ ಸೇರಿದ್ದು ಎಂಬುದನ್ನು ತಿಳಿಸುತ್ತದೆ.

### ಡಿಸ್ಕ್ ಮತ್ತು ಗ್ರಾಫಿಕ್ಸ್ ಕಾರ್ಡ್

‘ಸ್ಮಾರ್ಟ್‌ಮಾನ್‌ಟೂಲ್ಸ್’ ಪೊಟ್ಟಣದ ‘ಸ್ಮಾರ್ಟ್‌ಸಿಟಿಎಲ್’ ಆದೇಶಕ್ಕೆ ಅಡ್ಡಗೆರೆಯೊಂದಿಗೆ ದೊಡ್ಡಕ್ಷರದ ‘ಎ’ ಮತ್ತು ಡಿಸ್ಕಿನ ಹೆಸರನ್ನು ಸೇರಿಸಿದರೆ ಡಿಸ್ಕಿನ ಗುಣಲಕ್ಷಣಗಳ ಪಟ್ಟಿ ದೊರೆಯುತ್ತದೆ. ಆ ಪಟ್ಟಿಯಲ್ಲಿ 194ನೆಯ ಸಂಖ್ಯೆಯ ಸಾಲು ಸಾಮಾನ್ಯವಾಗಿ ತಾಪಮಾನವನ್ನು ಸೂಚಿಸುತ್ತದೆ. ಕೆಲವು ಡಿಸ್ಕ್‌ಗಳಲ್ಲಿ 190ನೆಯ ಸಾಲನ್ನು ನೋಡಬೇಕು. ಎನ್‌ವಿಎಂಇ ಮಾದರಿಯ ಡಿಸ್ಕ್‌ಗಳಿಗೆ ‘ಎನ್‌ವಿಎಂಇ ಸ್ಮಾರ್ಟ್-ಲಾಗ್’ ಎಂಬ ಆದೇಶವಿದೆ. ಎನ್‌ವಿಡಿಯಾ ಗ್ರಾಫಿಕ್ಸ್ ಕಾರ್ಡುಗಳಿಗೆ ಅದರ ಚಾಲಕ ತಂತ್ರಾಂಶದೊಂದಿಗೆ ಬರುವ ‘ಎನ್‌ವಿಡಿಯಾ-ಎಸ್‌ಎಂಐ’ ಆದೇಶವನ್ನು ಬಳಸಲಾಗುತ್ತದೆ. ಸರ್ವರ್‌ಗಳಲ್ಲಿ ‘ಐಪಿಎಂಐಟೂಲ್ ಸೆನ್ಸರ್’ ಆದೇಶವು ಒಳಬರುವ ಗಾಳಿಯ ತಾಪವನ್ನೂ ತೋರಿಸಬಲ್ಲದು.

## ಇತರ ವ್ಯವಸ್ಥೆಗಳು

- ವಿಂಡೋಸ್: ಪವರ್‌ಶೆಲ್‌ನಲ್ಲಿ ಎಸಿಪಿಐ ಉಷ್ಣವಲಯದ ಮಾಹಿತಿಯನ್ನು ನಿರ್ವಾಹಕನ ಅನುಮತಿಯೊಂದಿಗೆ ಕೇಳಬಹುದು. ಉತ್ತರವು ಕೆಲ್ವಿನ್‌ನ ಹತ್ತನೆಯ ಒಂದು ಭಾಗದ ಲೆಕ್ಕದಲ್ಲಿರುತ್ತದೆ. 3282 ಎಂದು ಬಂದರೆ ಹತ್ತರಿಂದ ಭಾಗಿಸಿ 273.15 ಕಳೆಯಬೇಕು, ಸುಮಾರು 55 ಡಿಗ್ರಿ ಸೆಲ್ಸಿಯಸ್ ಎಂದಾಗುತ್ತದೆ. ಅನೇಕ ಮದರ್‌ಬೋರ್ಡುಗಳು ಈ ಮಾಹಿತಿಯನ್ನು ಒದಗಿಸುವುದಿಲ್ಲ. ಒದಗಿಸಿದರೂ ಅದು ಪ್ರೊಸೆಸರ್‌ನ ತಾಪಮಾನವೇ ಆಗಿರಬೇಕೆಂದಿಲ್ಲ.
- ಮ್ಯಾಕ್ಓಎಸ್: ‘ಪವರ್‌ಮೆಟ್ರಿಕ್ಸ್’ ಎಂಬ ಆದೇಶವಿದೆ. ಇಂಟೆಲ್ ಆಧಾರಿತ ಯಂತ್ರಗಳಲ್ಲಿ ಅದು ಡಿಗ್ರಿಯನ್ನು ತೋರಿಸುತ್ತದೆ; ಆ್ಯಪಲ್‌ನ ಸ್ವಂತ ಚಿಪ್‌ಗಳಲ್ಲಿ ಉಷ್ಣದ ಒತ್ತಡ ಯಾವ ಮಟ್ಟದಲ್ಲಿದೆ ಎಂಬುದನ್ನು ಮಾತ್ರ ಹೇಳುತ್ತದೆ.
- ಫ್ರೀಬಿಎಸ್‌ಡಿ: ‘ಕೋರ್‌ಟೆಂಪ್’ ಘಟಕವನ್ನು ಸೇರಿಸಿಕೊಂಡ ಬಳಿಕ ‘ಸಿಸ್‌ಸಿಟಿಎಲ್’ ಆದೇಶದಿಂದ ಪ್ರತಿಯೊಂದು ಪ್ರೊಸೆಸರ್ ತಿರುಳಿನ ತಾಪಮಾನವನ್ನು ಓದಬಹುದು.
- ರಾಸ್ಪ್‌ಬೆರಿ ಪೈ: ‘ವಿಸಿಜೆನ್‌ಸಿಎಂಡಿ ಮೆಷರ್_ಟೆಂಪ್’ ಆದೇಶವು ತಾಪಮಾನವನ್ನು ತಿಳಿಸುತ್ತದೆ. ಈ ಚಿಕ್ಕ ಯಂತ್ರವು 80 ಡಿಗ್ರಿಯ ಬಳಿ ವೇಗವನ್ನು ತಗ್ಗಿಸತೊಡಗುತ್ತದೆ. 85 ಡಿಗ್ರಿ ಅದರ ಮೇಲ್ಮಿತಿ.

## ನಿರಂತರ ವೀಕ್ಷಣೆ ಮತ್ತು ದಾಖಲೆ

ಒಮ್ಮೆ ಓದಿದ ಅಂಕಿಗಿಂತ ಹಲವು ದಿನಗಳ ದಾಖಲೆ ಹೆಚ್ಚು ಉಪಯುಕ್ತ. ‘ವಾಚ್’ ಆದೇಶವು ಇನ್ನೊಂದು ಆದೇಶವನ್ನು ನಿಗದಿತ ಸೆಕೆಂಡುಗಳಿಗೊಮ್ಮೆ ಪುನಃ ಪುನಃ ನಡೆಸಿ ಪರದೆಯ ಮೇಲೆ ತೋರಿಸುತ್ತದೆ. ‘ವಾಚ್ ಸೆನ್ಸರ್ಸ್’ ಎಂದು ಕೀಲಿಸಿದರೆ ಎರಡು ಸೆಕೆಂಡಿಗೊಮ್ಮೆ ಅಂಕಿಗಳು ಹೊಸದಾಗುತ್ತವೆ. ಆ ವೇಳೆ ದೊಡ್ಡ ಕೆಲಸವೊಂದನ್ನು ಆರಂಭಿಸಿದರೆ ತಾಪಮಾನ ಏರುವ ರೀತಿಯನ್ನೂ, ಕೆಲಸ ನಿಂತ ಬಳಿಕ ಇಳಿಯುವ ರೀತಿಯನ್ನೂ ಕಣ್ಣಾರೆ ಕಾಣಬಹುದು.

ದಾಖಲೆ ಇಡಲು ‘ಕ್ರಾನ್’ ಎಂಬ ಸಮಯಪಾಲಕ ತಂತ್ರಾಂಶವನ್ನು ಬಳಸುತ್ತಾರೆ. ಪ್ರತಿ ಐದು ನಿಮಿಷಕ್ಕೊಮ್ಮೆ ‘ಡೇಟ್’ ಮತ್ತು ‘ಸೆನ್ಸರ್ಸ್’ ಆದೇಶಗಳನ್ನು ನಡೆಸಿ, ಅವುಗಳ ಫಲಿತಾಂಶವನ್ನು ‘>>’ ಚಿಹ್ನೆಯ ಮೂಲಕ ಒಂದು ಕಡತದ ಕೊನೆಗೆ ಸೇರಿಸುತ್ತಾ ಹೋಗುವಂತೆ ಅದನ್ನು ನಿಯೋಜಿಸಬಹುದು. ಈ ಚಿಹ್ನೆಯಲ್ಲಿ ಎರಡು ಬಾಣಗಳಿರಬೇಕು. ಒಂದೇ ಬಾಣವನ್ನು ಬಳಸಿದರೆ ಹಿಂದಿನ ದಾಖಲೆ ಅಳಿಸಿಹೋಗುತ್ತದೆ. ಜೊತೆಗೆ ಕೋಣೆಯ ಗೋಡೆಯಲ್ಲಿ ಸಾಮಾನ್ಯ ತಾಪಮಾಪಕವನ್ನು ತೂಗುಹಾಕಿ ದಿನಕ್ಕೆ ಎರಡು ಬಾರಿ ಅಂಕಿ ಬರೆದುಕೊಂಡರೆ, ಯಂತ್ರ ಮತ್ತು ಕೋಣೆಗಳ ನಡುವಿನ ಅಂತರ ತಿಳಿಯುತ್ತದೆ. ಕೆಲಸದ ಹೊರೆ ಒಂದೇ ಆಗಿದ್ದೂ ಈ ಅಂತರ ವಾರದಿಂದ ವಾರಕ್ಕೆ ಹೆಚ್ಚುತ್ತಿದ್ದರೆ ದೋಷವು ಹವೆಯದಲ್ಲ, ಯಂತ್ರದ್ದು ಎಂದು ನಿರ್ಧರಿಸಬಹುದು. ಗಣಿತ ಮತ್ತು ವಿಜ್ಞಾನದ ವಿದ್ಯಾರ್ಥಿಗಳಿಗೆ ನಕ್ಷೆ ಬರೆಯುವ ಅಭ್ಯಾಸಕ್ಕೂ ಈ ದಾಖಲೆ ಒದಗುತ್ತದೆ.

## ಅಂಕಿಗಳ ಅರ್ಥೈಸುವಿಕೆ

ನಿಖರವಾದ ಮಿತಿಗಳನ್ನು ಆಯಾ ತಯಾರಕರ ವಿವರಪತ್ರದಲ್ಲಿಯೇ ನೋಡಬೇಕು. ಸಾಮಾನ್ಯ ಮಾರ್ಗದರ್ಶನಕ್ಕೆ ಕೆಳಗಿನ ಅಂಶಗಳು ಉಪಯುಕ್ತವಾಗಿವೆ.

- ಪ್ರೊಸೆಸರ್: ಕೆಲಸದ ಹೊರೆಯಿರುವಾಗ 80 ಡಿಗ್ರಿಯವರೆಗೆ ಸಾಮಾನ್ಯವಾಗಿ ಆತಂಕವಿಲ್ಲ. ಸದಾ 90 ಡಿಗ್ರಿಗಿಂತ ಮೇಲಿದ್ದರೆ ಕಾರಣವನ್ನು ಹುಡುಕಬೇಕು. ಕೆಲಸವಿಲ್ಲದಿರುವಾಗಲೂ ಕೋಣೆಯ ತಾಪಕ್ಕಿಂತ ಬಹಳ ಮೇಲಿದ್ದರೆ ಹೀಟ್ ಸಿಂಕ್ ಅಥವಾ ಫ್ಯಾನಿನಲ್ಲಿ ದೋಷವಿರುವ ಸಾಧ್ಯತೆಯಿದೆ.
- ಹಾರ್ಡ್ ಡಿಸ್ಕ್: ಅನೇಕ ಡಿಸ್ಕ್‌ಗಳ ಮೇಲ್ಮಿತಿ 60 ಡಿಗ್ರಿ. ಕೋಣೆಯಲ್ಲಿಯೇ 42 ಡಿಗ್ರಿ ಇರುವಾಗ ಈ ಮಿತಿಗೆ ಉಳಿಯುವ ಅಂತರ 18 ಡಿಗ್ರಿ ಮಾತ್ರ. ಹೀಗಾಗಿ ಈ ಭಾಗದಲ್ಲಿ ಪ್ರೊಸೆಸರ್‌ನಷ್ಟೇ ಡಿಸ್ಕಿನ ಬಗ್ಗೆಯೂ ಎಚ್ಚರ ಅಗತ್ಯ. ಪ್ರೊಸೆಸರ್ ಕೆಟ್ಟರೆ ಬದಲಾಯಿಸಬಹುದು. ಪ್ರತಿ ಇಲ್ಲದ ದತ್ತಾಂಶ ನಾಶವಾದರೆ ಮರಳಿ ಬರುವುದಿಲ್ಲ.
- ಸರ್ವರ್ ಕೊಠಡಿ: ಅಮೆರಿಕದ ತಾಪನ ಮತ್ತು ಶೈತ್ಯೀಕರಣ ಎಂಜಿನಿಯರುಗಳ ಸಂಘಟನೆಯಾದ ‘ಆಶ್ರೇ’ ಸರ್ವರ್‌ಗಳ ಒಳಬರುವ ಗಾಳಿಗೆ 18ರಿಂದ 27 ಡಿಗ್ರಿ ಸೆಲ್ಸಿಯಸ್‌ನ ವ್ಯಾಪ್ತಿಯನ್ನು ಶಿಫಾರಸು ಮಾಡಿದೆ.

ಉಷ್ಣತೆಗೂ ಡಿಸ್ಕಿನ ವೈಫಲ್ಯಕ್ಕೂ ಇರುವ ಸಂಬಂಧ ಸರಳವಲ್ಲ. 2007ರಲ್ಲಿ ಗೂಗಲ್ ಸಂಸ್ಥೆಯ ಪಿನ್ಹೇರೊ, ವೆಬರ್ ಮತ್ತು ಬರೋಸೊ ಒಂದು ಲಕ್ಷಕ್ಕೂ ಹೆಚ್ಚು ಡಿಸ್ಕ್‌ಗಳ ಅಧ್ಯಯನವನ್ನು ಪ್ರಕಟಿಸಿದರು. ಮಧ್ಯಮ ತಾಪಮಾನಗಳ ವ್ಯಾಪ್ತಿಯಲ್ಲಿ ಉಷ್ಣತೆಗೂ ವೈಫಲ್ಯಕ್ಕೂ ನಿರೀಕ್ಷಿಸಿದಷ್ಟು ಬಲವಾದ ಸಂಬಂಧ ಅವರಿಗೆ ಕಾಣಲಿಲ್ಲ. ಅತಿ ಹೆಚ್ಚಿನ ತಾಪದಲ್ಲಿ, ಅದರಲ್ಲೂ ಹಳೆಯ ಡಿಸ್ಕ್‌ಗಳಲ್ಲಿ, ವೈಫಲ್ಯ ಹೆಚ್ಚಿತು. ತಂಪಾದ ಕೊಠಡಿಗಳಿಂದ ದೊರೆತ ಈ ಫಲಿತಾಂಶವನ್ನು ಹವಾನಿಯಂತ್ರಣವಿಲ್ಲದ ಬಿಸಿ ಕೋಣೆಗಳಿಗೆ ಹಾಗೆಯೇ ಅನ್ವಯಿಸಲಾಗದು.

## ತಾಪಮಾನ ಏರಿದಾಗ ಕೈಗೊಳ್ಳುವ ಕ್ರಮಗಳು

1. ಮೊದಲಿಗೆ ತೆರೆದಿರುವ ಕೆಲಸವನ್ನು ಉಳಿಸಿ, ಮುಖ್ಯ ಕಡತಗಳ ಪ್ರತಿಯನ್ನು ಬೇರೊಂದು ಸಾಧನದಲ್ಲಿ ಇಡಬೇಕು.
2. ‘ಟಾಪ್’ ಆದೇಶದಿಂದ ಪ್ರೊಸೆಸರ್‌ನ ಹೊರೆಯನ್ನು ನೋಡಬೇಕು. ಯಾವುದೋ ತಂತ್ರಾಂಶ ಸುಮ್ಮನೆ ಹೊರೆ ಹೆಚ್ಚಿಸುತ್ತಿದ್ದರೆ ಅದನ್ನು ನಿಲ್ಲಿಸಿದರೆ ಸಾಕಾಗಬಹುದು.
3. ‘ಸೆನ್ಸರ್ಸ್’ ಆದೇಶವು ಫ್ಯಾನಿನ ವೇಗವನ್ನು ತೋರಿಸುವ ಯಂತ್ರಗಳಲ್ಲಿ ಆ ಅಂಕಿಯನ್ನು ನೋಡಬೇಕು. ಸೊನ್ನೆಯಿದ್ದರೆ ಫ್ಯಾನು ನಿಂತಿದೆಯೇ ಅಥವಾ ಅದರ ತಂತಿ ಬೇರೆಡೆ ಜೋಡಣೆಯಾಗಿದೆಯೇ ಎಂದು ಪರೀಕ್ಷಿಸಬೇಕು.
4. ಯಂತ್ರವನ್ನು ಆರಿಸಿ, ವಿದ್ಯುತ್ ತಂತಿಯನ್ನು ಕಳಚಿ, ಒಣ ಕುಂಚ ಅಥವಾ ಗಾಳಿಯೂದುವ ಸಾಧನದಿಂದ ಧೂಳನ್ನು ತೆಗೆಯಬೇಕು. ಒದ್ದೆ ಬಟ್ಟೆಯನ್ನು ಬಳಸಬಾರದು. ಗಾಳಿ ಊದುವಾಗ ಫ್ಯಾನಿನ ಅಲಗುಗಳು ತಿರುಗದಂತೆ ಬೆರಳಿನಿಂದ ಹಿಡಿದುಕೊಳ್ಳಬೇಕು.
5. ಯಂತ್ರವನ್ನು ಗೋಡೆಯಿಂದ ಸ್ವಲ್ಪ ದೂರ, ನೆಲದಿಂದ ಮೇಲಕ್ಕೆ, ಬಿಸಿಲು ನೇರವಾಗಿ ಬೀಳದ ಕಡೆ ಇಡಬೇಕು. ಲ್ಯಾಪ್‌ಟಾಪನ್ನು ಹಾಸಿಗೆ ಅಥವಾ ದಿಂಬಿನ ಮೇಲೆ ಇಡುವುದು ಅದರ ಗಾಳಿಯ ದಾರಿಯನ್ನು ಮುಚ್ಚುತ್ತದೆ.
6. ಇಷ್ಟಾದರೂ ಇಳಿಯದಿದ್ದರೆ ಒಣಗಿದ ಉಷ್ಣವಾಹಕ ಲೇಪವನ್ನು ಒರೆಸಿ ಹೊಸದಾಗಿ ಹಚ್ಚಬೇಕಾಗುತ್ತದೆ. ಅನುಭವವಿಲ್ಲದವರು ಇದನ್ನು ತಂತ್ರಜ್ಞರಿಂದ ಮಾಡಿಸುವುದು ಸೂಕ್ತ.

## ಮಿತಿಗಳು

ಸಂವೇದಕಗಳು ಹೇಳುವುದೆಲ್ಲವೂ ನಿಜವಾಗಿರುವುದಿಲ್ಲ. ಮದರ್‌ಬೋರ್ಡಿನ ಚಿಪ್‌ನಲ್ಲಿ ಜಾಗವಿದ್ದರೂ ಸಂವೇದಕ ಜೋಡಣೆಯಾಗಿರದಿದ್ದರೆ 127 ಡಿಗ್ರಿ ಅಥವಾ ಸೊನ್ನೆಗಿಂತ ಬಹಳ ಕೆಳಗಿನ ಅಂಕಿ ಕಾಣಿಸಬಹುದು. ಅಂತಹ ಸಾಲನ್ನು ಕಡೆಗಣಿಸಬೇಕು. ಎಎಂಡಿಯ ಕೆಲವು ರೈಜೆನ್ ಪ್ರೊಸೆಸರ್‌ಗಳಲ್ಲಿ ಫ್ಯಾನ್ ನಿಯಂತ್ರಣಕ್ಕಾಗಿ ನೀಡುವ ‘ಟಿಸಿಟಿಎಲ್’ ಎಂಬ ಅಂಕಿಯು ವಾಸ್ತವಕ್ಕಿಂತ 10 ಅಥವಾ 20 ಡಿಗ್ರಿ ಹೆಚ್ಚಾಗಿರುತ್ತದೆ. ವರ್ಚುವಲ್ ಯಂತ್ರಗಳಲ್ಲಿ ಸಾಮಾನ್ಯವಾಗಿ ಸಂವೇದಕಗಳೇ ಕಾಣುವುದಿಲ್ಲ. ಮದರ್‌ಬೋರ್ಡಿನ ಸಂವೇದಕಗಳ ಹೆಸರುಗಳು ತಯಾರಕರಿಂದ ತಯಾರಕರಿಗೆ ಬದಲಾಗುವುದರಿಂದ, ಯಾವ ಅಂಕಿ ಯಾವ ಭಾಗದ್ದು ಎಂಬುದನ್ನು ಹೊರೆ ಹೆಚ್ಚಿಸಿ ತಗ್ಗಿಸಿ ಗುರುತಿಸಬೇಕಾಗುವುದುಂಟು. ವೀಕ್ಷಣೆಯು ಯಂತ್ರವನ್ನು ತಂಪು ಮಾಡುವುದಿಲ್ಲ. ಯಾವಾಗ ತಂಪು ಮಾಡಬೇಕು, ಯಾವಾಗ ನಿಲ್ಲಿಸಬೇಕು ಎಂಬುದನ್ನು ಕೆಡುಕು ಸಂಭವಿಸುವ ಮೊದಲೇ ತಿಳಿಸುತ್ತದೆ.